ಎರ್ಟಿಗಾಗೆ ಹಾಕಿಸಿದ ಸನ್ ಫಿಲಂ: ಪುಣೆ-ವಿಜಯಪುರದ ಬಿಸಿಲಲ್ಲಿ ಕಂಡದ್ದು

ಪುಣೆಯಲ್ಲಿ ಕಾರಿನ ಗಾಜಿಗೆ ಸನ್ ಫಿಲಂ ಹಾಕುವ ಅಂಗಡಿಗೆ ಹೋದರೆ ಮೊದಲು ಕೇಳುವುದು ಒಂದೇ ಮಾತು: "ಮೇಡಂ, ಕಿತಿ ಡಾರ್ಕ್ ಪಾಹಿಜೆ?" ಎಷ್ಟು ಕಪ್ಪು ಬೇಕು ಅಂತ. ತಂಪು ಎಷ್ಟು ಬೇಕು ಅಂತ ಯಾರೂ ಕೇಳುವುದಿಲ್ಲ. ಕಪ್ಪಾದಷ್ಟೂ ತಂಪು ಅಂತ ಅಂಗಡಿಯವರೂ ನಂಬಿದ್ದಾರೆ, ಕೊಳ್ಳುವವರೂ ನಂಬಿದ್ದಾರೆ. ನಮ್ಮ ಎರ್ಟಿಗಾದಲ್ಲಿ ಮೊದಲು ಕಡುಕಪ್ಪು ಫಿಲಂ ಇತ್ತು, ಒಳಗೆ ಕೂತರೆ ಗಾಜಿನಿಂದಲೇ ಝಳ ಹೊಡೆಯುತ್ತಿತ್ತು. ಈಗ ಇರುವ ಫಿಲಂ ಹೊರಗಿನಿಂದ ನೋಡಿದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನದಲ್ಲೂ ಕಿಟಕಿ ಪಕ್ಕ ಕೂತವರ ಕೈ ಸುಡುವುದಿಲ್ಲ.

ಹಾಕಿಸಿದ್ದು ತ್ರೀಎಂ ಕಂಪನಿಯ ಕ್ರಿಸ್ಟಲೈನ್. ಪಕ್ಕದ ಗಾಜುಗಳಿಗೆ 70, ಮುಂದಿನ ಮತ್ತು ಹಿಂದಿನ ಗಾಜಿಗೆ 90. ಈ ಸಂಖ್ಯೆ ಅಂದರೆ ಫಿಲಂ ಶೇಕಡಾ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅನ್ನುವುದು. ಎರ್ಟಿಗಾದಲ್ಲಿ ಗಾಜು ಜಾಸ್ತಿ, ಹೀಗಾಗಿ ಬಿಲ್ಲೂ ಜಾಸ್ತಿ. ಹಳೆಯದನ್ನು ತೆಗೆಯುವ ಕೂಲಿ ಸೇರಿ 36 ಸಾವಿರ ರೂಪಾಯಿ ಕೊಟ್ಟಿದ್ದೇವೆ. ಇಷ್ಟು ದುಡ್ಡು ಒಂದು ಪ್ಲಾಸ್ಟಿಕ್ ಹಾಳೆಗಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಗಣೇಶ ನಗರದ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಪರಿಚಯದವರು ಇದನ್ನೇ ಕೇಳಿದರು. ನಿಂತಲ್ಲೇ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮಗೆ ಫಿಲಂ ಬೇಕಾಗಿದ್ದು ಅಂದಕ್ಕಲ್ಲ. ನಾವು ಇರುವುದು ಕೋಥ್ರೂಡ್‌ನಲ್ಲಿ, ಊರು ವಿಜಯಪುರ. ಹೆಚ್ಚುಕಡಿಮೆ 350 ಕಿಲೋಮೀಟರ್. ಹಡಪ್ಸರ್ ದಾಟಿ, ಭಿಗವಣ, ಇಂದಾಪುರ, ಟೆಂಭುರ್ಣಿ, ಮೋಹೋಳ ಅಂತ ಸೊಲ್ಲಾಪುರದವರೆಗೆ ಒಂದು ದಾರಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ವಿಜಯಪುರ. ಈ ದಾರಿಯಲ್ಲಿ ಓಡಾಡುವವರಿಗೆ ಅಲ್ಲಿನ ಬಿಸಿಲು ಗೊತ್ತು. ಬೆಳಿಗ್ಗೆ ಹೊರಟರೆ ಸೂರ್ಯ ಎದುರು ಎಡಕ್ಕೆ ಇರುತ್ತಾನೆ. ಎಡಗಡೆ ಕೂತವರಿಗೆ ಮುಖಕ್ಕೇ ಹೊಡೆಯುತ್ತದೆ. ಸೊಲ್ಲಾಪುರದಲ್ಲಿ ಊಟ ಮುಗಿಸಿ ಹೊರಟರೆ ಬಿಸಿಲು ಬಲಕ್ಕೆ ಬರುತ್ತದೆ, ಅಂದರೆ ಗಾಡಿ ಓಡಿಸುವವರ ಕಡೆಗೆ. ಗಾಡಿ ಓಡಿಸುವವಳು ನಾನು. ನಮ್ಮನೆಯವರಿಗೆ ಹೈವೇ ಡ್ರೈವಿಂಗ್ ಇಷ್ಟವಿಲ್ಲ. ಪ್ರತಿ ಬೇಸಿಗೆಯೂ ನನ್ನ ಬಲಗೈ ಒಂದು ಬಣ್ಣ, ಎಡಗೈ ಇನ್ನೊಂದು ಬಣ್ಣ ಆಗುತ್ತಿತ್ತು. ವಾಪಸ್ ಬರುವಾಗ ಸಂಜೆ ಸೂರ್ಯ ನೇರವಾಗಿ ಮುಂದಿನ ಗಾಜಿನಲ್ಲೇ ಕೂತಿರುತ್ತಾನೆ.

ಜೊತೆಗೆ ಅತ್ತೆಯವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಪ್ರಖರ ಬೆಳಕು ಆಗಿಬರುವುದಿಲ್ಲ. ಎರಡನೇ ಸಾಲಿನಲ್ಲಿ ಎಡಗಡೆ ಕೂರುತ್ತಾರೆ, ಸೆರಗನ್ನು ಕಿಟಕಿಗೆ ಅಡ್ಡ ಹಿಡಿದುಕೊಂಡೇ ಸೊಲ್ಲಾಪುರದವರೆಗೆ ಬರುತ್ತಿದ್ದರು. ಅದನ್ನು ಕನ್ನಡಿಯಲ್ಲಿ ನೋಡುತ್ತಾ ಗಾಡಿ ಓಡಿಸುವುದು ನನಗೆ ಸಂಕಟವಾಗುತ್ತಿತ್ತು. ಈ ಕೆಲಸ ಸರಿಯಾಗಿಯೇ ಮಾಡಿಸಬೇಕು ಅಂತ ನಾನು ಹಠ ಹಿಡಿದದ್ದು ಅವರಿಗಾಗಿ.

ಗಾಡಿ ಸೆಕೆಂಡ್ ಹ್ಯಾಂಡ್. ಮಾರಿದ ಡೀಲರ್ ಎಲ್ಲ ಗಾಜಿಗೂ ಕಪ್ಪು ಫಿಲಂ ಹಾಕಿಸಿಯೇ ಕೊಟ್ಟಿದ್ದರು. "ಕಂಪನಿ ಫಿಲಂ, ಫ್ರೀ" ಅಂದರು. ಯಾವ ಕಂಪನಿ ಅಂತ ಕೇಳಿದರೆ ಉತ್ತರವಿಲ್ಲ, ಕಾಗದವೂ ಇಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿತು, ಹಿಂದಿನ ಗಾಜಿನಲ್ಲಿ ಗುಳ್ಳೆ ಎದ್ದವು. ಅಗ್ಗದ ಡೈ ಫಿಲಂಗೆ ಆಗುವುದೇ ಹೀಗೆ. ಅದರಲ್ಲಿರುವುದು ಬರೀ ಬಣ್ಣ. ಆ ಬಣ್ಣವನ್ನು ಕಪ್ಪು ಮಾಡಲು ಹಲವು ಬಣ್ಣ ಬೆರೆಸಿರುತ್ತಾರೆ. ಬಿಸಿಲಿಗೆ ಎಲ್ಲವೂ ಒಂದೇ ಸಮನೆ ಮಾಸುವುದಿಲ್ಲ. ಕೆಲವು ಬೇಗ ಹೋಗುತ್ತವೆ, ಕೊನೆಗೆ ಉಳಿಯುವುದು ನೇರಳೆ. ರಸ್ತೆಯಲ್ಲಿ ನೇರಳೆ ಗಾಜಿನ ಹಳೇ ಗಾಡಿ ಕಂಡರೆ ಕಾರಣ ಇದು.

ನೇರಳೆ ಬಣ್ಣ ಸಹಿಸಬಹುದಿತ್ತು. ರಾತ್ರಿ ಓಡಿಸುವುದು ಸಹಿಸಲಾಗಲಿಲ್ಲ. ದಿವೇ ಘಾಟ್‌ನಲ್ಲಿ ಮಳೆಯ ರಾತ್ರಿ ಪಕ್ಕದ ಕನ್ನಡಿ ನೋಡಬೇಕಾದರೆ ಗಾಜು ಇಳಿಸಬೇಕಿತ್ತು. ರಿವರ್ಸ್ ಹಾಕುವಾಗ ಹಿಂದೆ ಮಗು ನಿಂತಿದ್ದರೂ ಕಾಣದಂಥ ಕತ್ತಲು. ಹಿಂದೆ ಯಾರನ್ನಾದರೂ ಇಳಿಸಿ ನಿಲ್ಲಿಸಿಕೊಳ್ಳದೆ ನಾನು ರಿವರ್ಸ್ ತೆಗೆಯುತ್ತಿರಲಿಲ್ಲ. ಆಮೇಲೆ ಹಡಪ್ಸರದ ಹತ್ತಿರ ಚಲನ್ ಬಿತ್ತು. ಅದರ ಬಗ್ಗೆ ನನಗೆ ದೂರಿಲ್ಲ. ಹಾಕಿದ್ದು ಸರಿಯೇ.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯವರು ಇದನ್ನು ತಮಗೆ ಬೇಕಾದ ಹಾಗೆ ಹೇಳುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಗಾಜಿಗೆ ಸಂಬಂಧಿಸಿದ್ದು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70 ಬೆಳಕು ಒಳಗೆ ಬಿಡಬೇಕು, ಪಕ್ಕದ ಗಾಜುಗಳು ಕನಿಷ್ಠ ಶೇ. 50. ಅವಿಷೇಕ್ ಗೋಯಂಕಾ ಅನ್ನುವವರು ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಇನ್ನೂ ಬಿಗಿಯಾದ ಆದೇಶ ಕೊಟ್ಟಿತು. ಎಷ್ಟೇ ಬೆಳಕು ಬಿಡುವ ಫಿಲಂ ಆದರೂ ಗಾಜಿನ ಮೇಲೆ ಕಪ್ಪು ಫಿಲಂ ಅಂಟಿಸುವಂತಿಲ್ಲ ಎಂದಿತು. ಕಪ್ಪು ಗಾಜಿನ ಗಾಡಿಗಳಲ್ಲಿ ಅಪರಾಧಗಳು ನಡೆಯುತ್ತವೆ ಎನ್ನುವುದು ಅರ್ಜಿಯ ಮುಖ್ಯ ವಾದ. ನಿಯಮ ಆಮೇಲೆ ಬದಲಾಯಿತು. 2021ರ ಏಪ್ರಿಲ್ 1ರಿಂದ ಸೇಫ್ಟಿ ಗ್ಲಾಸ್ ಜೊತೆಗೆ ಸೇಫ್ಟಿ ಗ್ಲೇಜಿಂಗ್, ಅಂದರೆ ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜು ಕೂಡ ನಿಯಮದೊಳಗೆ ಬಂತು. ಇದನ್ನು ಆಧಾರವಾಗಿಟ್ಟುಕೊಂಡು 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎನ್. ನಗರೇಶ್, 70 ಮತ್ತು 50ರ ಮಿತಿ ಪಾಲಿಸುವ ಫಿಲಂ ಹಾಕಿದರೆ ದಂಡ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟರು.

ಈ ತೀರ್ಪು ತೋರಿಸಿ "ಈಗ ಎಲ್ಲಾ ಲೀಗಲ್" ಅನ್ನುವ ಅಂಗಡಿಯವರನ್ನು ನಂಬಬೇಡಿ. ಅದು ಕೇರಳದ ತೀರ್ಪು, ಮಹಾರಾಷ್ಟ್ರದ ರಸ್ತೆಯಲ್ಲಿ ನಿಂತ ಪೊಲೀಸರು ಅದನ್ನು ಒಪ್ಪಲೇಬೇಕು ಅಂತಿಲ್ಲ. ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕರೆ 1500 ರೂಪಾಯಿವರೆಗೆ ದಂಡವಿದೆ. ನನ್ನ ಮಟ್ಟಿಗೆ ಒಂದು ವಿಷಯ ಖಚಿತ: ಮಿತಿಯೊಳಗಿನ ಪಾರದರ್ಶಕ ಫಿಲಂ ಹಾಕಿಸಿ, ಬಿಲ್ಲು ಮತ್ತು ಫಿಲಂನ ಕಾಗದ ಗಾಡಿಯಲ್ಲೇ ಇಟ್ಟುಕೊಂಡರೆ ಮಾತಾಡಲು ನಮ್ಮ ಹತ್ತಿರ ಏನಾದರೂ ಇರುತ್ತದೆ. ಕಡುಕಪ್ಪು ಹಾಕಿಸಿದವರ ಹತ್ತಿರ ಏನೂ ಇರುವುದಿಲ್ಲ.

ಇನ್ನೊಂದು ಲೆಕ್ಕವನ್ನು ಯಾವ ಅಂಗಡಿಯವರೂ ತಾವಾಗಿ ಹೇಳಲಿಲ್ಲ. ಮಿತಿ ಇರುವುದು ಗಾಜು ಮತ್ತು ಫಿಲಂ ಎರಡೂ ಸೇರಿ ಬಿಡುವ ಬೆಳಕಿಗೆ. ಕಂಪನಿಯಿಂದ ಬರುವ ಗಾಜೇ ತುಸು ಹಸಿರು ಇರುತ್ತದೆ, ಅದೇ ಸ್ವಲ್ಪ ಬೆಳಕು ತಡೆಯುತ್ತದೆ. ಪಕ್ಕದ ಗಾಜು ಶೇ. 75 ಬೆಳಕು ಬಿಡುತ್ತದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 70ರ ಫಿಲಂ ಹಾಕಿದರೆ ಒಟ್ಟು 52ರ ಆಸುಪಾಸು, ಪಾಸು. ಅದೇ ಗಾಜಿಗೆ 50ರ ಫಿಲಂ ಹಾಕಿದರೆ 37ಕ್ಕೆ ಇಳಿಯುತ್ತದೆ, ಫೇಲು. "50 ಅಂದರೆ ಆರ್‌ಟಿಒ ಅಪ್ರೂವ್ಡ್" ಅಂತ ಮಾರುವ ಫಿಲಂ ಹಾಕಿಸಿಕೊಂಡವರು ಚಲನ್ ಬಿದ್ದಾಗ ಕಂಗಾಲಾಗುವುದು ಇದಕ್ಕೇ. ಮುಂದಿನ ಗಾಜಿನಲ್ಲಿ ಇನ್ನೂ ಇಕ್ಕಟ್ಟು. ಗಾಜೇ 78 ಇದ್ದರೆ 90ರ ಫಿಲಂ ಹಾಕಿದಾಗ ಸರಿಯಾಗಿ 70ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಕಡಿಮೆಯದಕ್ಕೆ ಅಲ್ಲಿ ಜಾಗವಿಲ್ಲ. ಹೀಗಾಗಿ ಹಾಕಿಸುವ ಮೊದಲು ನಿಮ್ಮ ಗಾಜನ್ನು ಮೀಟರಿನಲ್ಲಿ ಅಳೆಯಲು ಹೇಳಿ. ಒಳ್ಳೆಯ ಅಂಗಡಿಯಲ್ಲಿ ಟಿಂಟ್ ಮೀಟರ್ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅಲ್ಲಿಂದ ಹೊರಡಿ.

ಈಗ ತಂಪಿನ ಮಾತು. ಫಿಲಂನ ಕೈಪತ್ರದಲ್ಲಿ ನಾಲ್ಕು ಸಂಖ್ಯೆ ಬರೆದಿರುತ್ತಾರೆ. ವಿಎಲ್‌ಟಿ ಅಂದರೆ ಬೆಳಕು ಎಷ್ಟು ಬರುತ್ತದೆ ಅನ್ನುವುದು. ಯುವಿ ಅಂದರೆ ಅತಿನೇರಳೆ ಕಿರಣ, ಅದರ ತಡೆ ಬಹುಪಾಲು ಎಲ್ಲ ಬ್ರಾಂಡ್ ಫಿಲಂಗಳಲ್ಲೂ 99 ಅಂತಲೇ ಇರುತ್ತದೆ. ಐಆರ್ ಅಂದರೆ ಇನ್ಫ್ರಾರೆಡ್, ಕಣ್ಣಿಗೆ ಕಾಣದ ಶಾಖದ ಕಿರಣ, ಎಷ್ಟು ತಡೆಯುತ್ತದೆ ಅನ್ನುವುದು. ಕೊನೆಯದು ಟಿಎಸ್‌ಇಆರ್, ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಭಾಗ ಹೊರಗೇ ಉಳಿಯುತ್ತದೆ ಅನ್ನುವ ಲೆಕ್ಕ. ಅಂಗಡಿಯವರು ಬೆರಳಿಟ್ಟು ತೋರಿಸುವುದು ಐಆರ್, ಅದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ನೋಡಬೇಕಾದ್ದು ಟಿಎಸ್‌ಇಆರ್.

ಯಾಕೆ ಅಂದರೆ, ಬಿಸಿಲಿನ ಶಕ್ತಿಯಲ್ಲಿ ಇನ್ಫ್ರಾರೆಡ್ ಸುಮಾರು ಶೇ. 53 ಮಾತ್ರ. ಕಣ್ಣಿಗೆ ಕಾಣುವ ಬೆಳಕಿನಲ್ಲೇ ಶೇ. 44ರಷ್ಟಿದೆ. ಉಳಿದ 3 ಯುವಿ. ಅಂದರೆ ಬೆಳಕು ಒಳಗೆ ಬಂದರೆ ಅದರ ಜೊತೆ ಶಾಖವೂ ಬಂದೇ ಬರುತ್ತದೆ. ಮೇಲಾಗಿ ಹಲವು ಕಂಪನಿಗಳು ಐಆರ್ ಅಳೆಯುವುದು ಕಿರಣದ ಅಲೆಯುದ್ದ 900ರಿಂದ 1000 ನ್ಯಾನೋಮೀಟರ್ ಇರುವ ಸಣ್ಣ ಪಟ್ಟಿಯಲ್ಲಿ ಮಾತ್ರ. ಬಿಸಿಲಿನ ಇನ್ಫ್ರಾರೆಡ್ 780ರಿಂದ 2500ರವರೆಗೂ ಹರಡಿದೆ. ಕ್ರಿಸ್ಟಲೈನ್‌ನ ಪತ್ರದಲ್ಲೂ ಹೀಗೇ: ಐಆರ್ 97 ಅಂತ ದೊಡ್ಡದಾಗಿ ಇದೆ, 70ರ ಫಿಲಂಗೆ ಟಿಎಸ್‌ಇಆರ್ 50ರ ಆಸುಪಾಸು. ಈ 50 ಅನ್ನುವುದೇ ನಿಜವಾದ ಸಂಖ್ಯೆ, ಮತ್ತು ಇಷ್ಟು ಪಾರದರ್ಶಕ ಫಿಲಂಗೆ ಇದು ಬಹಳ ಒಳ್ಳೆಯ ಸಂಖ್ಯೆ.

ಒಂದು ಅಂಗಡಿಯಲ್ಲಿ "70ರ ಫಿಲಂ, ಶೇ. 90 ಹೀಟ್ ರಿಜೆಕ್ಷನ್" ಅಂದರು. ಲೆಕ್ಕ ಕೂಡುವುದಿಲ್ಲ. ಕಾಣುವ ಬೆಳಕಿನ 44ರಲ್ಲಿ ಶೇ. 70 ಒಳಗೆ ಬಂದರೆ, ಅದೇ 31 ಆಯಿತು. ಇನ್ಫ್ರಾರೆಡ್ಡು, ಯುವಿ ಒಂದು ಚೂರೂ ಬರಲಿಲ್ಲ ಅಂದುಕೊಂಡರೂ ಆ ಫಿಲಂ 69ಕ್ಕಿಂತ ಜಾಸ್ತಿ ತಡೆಯಲು ಸಾಧ್ಯವೇ ಇಲ್ಲ. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಅವರು ಮಾತು ಬದಲಿಸಿದರು. ನೀವೂ ಹೀಗೆ ಕೇಳಿ, ಸಂಕೋಚ ಬೇಡ. ಕೊಡುವುದು ನಮ್ಮ ದುಡ್ಡು.

ಫಿಲಂಗಳಲ್ಲಿ ಡೈ ಫಿಲಂ ಆಗಲೇ ಹೇಳಿದೆ. ಲೋಹ ಬೆರೆತ ಫಿಲಂ ಕನ್ನಡಿ ಥರ ಹೊಳೆಯುತ್ತದೆ, ಶಾಖ ಚೆನ್ನಾಗಿಯೇ ತಡೆಯುತ್ತದೆ, ಆದರೆ ಮುಂದಿನ ಗಾಜಿಗೆ ಹಾಕಿದರೆ ಫಾಸ್ಟ್ಯಾಗ್ ಓದುವುದಕ್ಕೆ, ಮೊಬೈಲು, ಜಿಪಿಎಸ್ ಸಿಗ್ನಲ್ಲಿಗೆ ಅಡ್ಡಿಯಾಗಬಹುದು. ನಮ್ಮ ದಾರಿಯಲ್ಲಿ ಟೋಲ್ ನಾಕಾಗಳು ಸಾಲಾಗಿವೆ, ಹೀಗಾಗಿ ಅದು ಬೇಡವೇ ಬೇಡ ಅಂದೆವು. ಕಾರ್ಬನ್ ಫಿಲಂ ಬಣ್ಣ ಬಿಡುವುದಿಲ್ಲ. ಸೆರಾಮಿಕ್ ಅನ್ನುವುದರಲ್ಲಿ ಇನ್ಫ್ರಾರೆಡ್ ಹೀರಿಕೊಳ್ಳುವ ತೀರಾ ಸಣ್ಣ ಕಣಗಳಿರುತ್ತವೆ, ಲೋಹದ ಹೊಳಪಿನ ಪದರ ಇರುವುದಿಲ್ಲ. ನಮ್ಮ ಪಕ್ಕದ ಛತ್ರಪತಿ ಸಂಭಾಜಿನಗರದಲ್ಲೇ (ಹಿಂದಿನ ಔರಂಗಾಬಾದ್) ಗರ್ವಾರೆ ಕಂಪನಿಯ ಕಾರ್ಖಾನೆಯಿದೆ, ಪಾಲಿಯೆಸ್ಟರ್ ಹಾಳೆಯಿಂದ ಹಿಡಿದು ಫಿಲಂವರೆಗೆ ಅಲ್ಲೇ ತಯಾರಾಗುತ್ತದೆ, ಹೊರದೇಶಕ್ಕೂ ಹೋಗುತ್ತದೆ. ನಾನು ಅದನ್ನೂ ನೋಡಿದೆ, ದರ ಕ್ರಿಸ್ಟಲೈನ್‌ಗಿಂತ ಕಡಿಮೆ ಇತ್ತು. ಬಜೆಟ್ ಇಲ್ಲದವರು ಖಂಡಿತ ವಿಚಾರಿಸಿ.

ಕ್ರಿಸ್ಟಲೈನ್ ಬೇರೆ ಥರ. 200ಕ್ಕೂ ಹೆಚ್ಚು ಪದರಗಳಿವೆ, ಎಲ್ಲ ಸೇರಿಯೂ ಅಂಟು ಚೀಟಿಗಿಂತ ತೆಳು. ಬಣ್ಣವಿಲ್ಲ, ಲೋಹವಿಲ್ಲ. ಆ ಪದರಗಳ ದಪ್ಪದ ಲೆಕ್ಕದಿಂದಲೇ ಕಾಣುವ ಬೆಳಕನ್ನು ಬಿಟ್ಟು ಇನ್ಫ್ರಾರೆಡ್ಡನ್ನು ತಿರುಗಿಸಿ ಕಳಿಸುತ್ತದೆ. ಹೀರಿಕೊಳ್ಳುವುದಕ್ಕೂ ತಿರುಗಿಸಿ ಕಳಿಸುವುದಕ್ಕೂ ವ್ಯತ್ಯಾಸ ದೊಡ್ಡದು. ಹೀರಿಕೊಳ್ಳುವ ಫಿಲಂನಲ್ಲಿ ಗಾಜೇ ಕಾಯುತ್ತದೆ. ಗಾಡಿ ಓಡುತ್ತಿದ್ದರೆ ಹೊರಗಿನ ಗಾಳಿ ಆ ಶಾಖವನ್ನು ಒಯ್ಯುತ್ತದೆ. ಸಿಗ್ನಲ್ಲಿನಲ್ಲಿ, ಟ್ರಾಫಿಕ್‌ನಲ್ಲಿ ನಿಂತರೆ ಕಾದ ಗಾಜು ಒಳಗೂ ಝಳ ಬಿಡುತ್ತದೆ. ನಮ್ಮ ಹಳೇ ಕಪ್ಪು ಫಿಲಂ ಮಾಡುತ್ತಿದ್ದದ್ದು ಇದೇ. ಯುನಿವರ್ಸಿಟಿ ಚೌಕದಲ್ಲಿ ಸಂಜೆ ನಿಂತರೆ ತಂದೂರಿ ಒಲೆಯ ಬಾಯಲ್ಲಿ ಕೂತ ಹಾಗಾಗುತ್ತಿತ್ತು.

ಅಂಗಡಿಗಳಲ್ಲಿ ಕೆಂಪು ದೀಪದ ಪೆಟ್ಟಿಗೆ ಇಟ್ಟು, ಫಿಲಂ ಹಾಕಿದ ಗಾಜಿನ ಹಿಂದೆ ಕೈ ಇಡಿ ಅನ್ನುತ್ತಾರೆ. ಐದು ಸೆಕೆಂಡಿನಲ್ಲಿ ಕೈ ತೆಗೆಯಬೇಡಿ. ಐದು ನಿಮಿಷ ದೀಪ ಉರಿಯಲಿ, ಆಮೇಲೆ ಗಾಜನ್ನೇ ಮುಟ್ಟಿ ನೋಡಿ. ಮೊದಲು ತಂಪೆನಿಸಿದ ಕೆಲವು ಫಿಲಂ ಆಗ ಕೆಂಡದಂತೆ ಕಾದಿರುತ್ತವೆ. ನಾನು ಹೀಗೆ ಮಾಡಿದಾಗಲೇ ಆಯ್ಕೆ ಸುಲಭವಾಯಿತು. ನಿಜವಾದ ಬಿಸಿಲಿನಲ್ಲಿ ಒಂದು ತುಂಡು ಗಾಜು ಹಿಡಿದು ನೋಡಲು ಬಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಮೊದಲು ಹೋಗಿದ್ದು ನಾನಾ ಪೇಠೆಗೆ. ಪುಣೆಯಲ್ಲಿ ಗಾಡಿ ಸಾಮಾನು ಅಂದರೆ ನಾನಾ ಪೇಠೆ ಅಲ್ವಾ. ಅಲ್ಲಿ ಮೂರು ಸಾವಿರಕ್ಕೂ ಪೂರ್ತಿ ಗಾಡಿಗೆ ಫಿಲಂ ಹಾಕುತ್ತಾರೆ. ಚೌಕಾಶಿ ನಡೆಯುತ್ತದೆ, ಚಹಾ ಕೊಡುತ್ತಾರೆ, ಕೈಚಳಕದ ಹುಡುಗರಿದ್ದಾರೆ. ತೊಂದರೆ ಜಾಗದ್ದು. ಕೆಲಸ ನಡೆಯುವುದು ರಸ್ತೆ ಪಕ್ಕದಲ್ಲಿ. ಪಕ್ಕದಲ್ಲೇ ಟೆಂಪೊ, ರಿಕ್ಷಾ ಓಡಾಡುತ್ತವೆ, ಧೂಳು ಹಾರುತ್ತದೆ. ಫಿಲಂನ ಅಂಟು ತೆರೆದುಕೊಂಡಾಗ ಒಂದು ಕಣ ಕೂತರೂ ಅದು ಗಾಜಿನೊಳಗೆ ಶಾಶ್ವತವಾಗಿ ಉಳಿಯುತ್ತದೆ. ಮೂರು ಸಾವಿರದ ಫಿಲಂಗೆ ಅದು ಪರವಾಗಿಲ್ಲ ಅನ್ನಬಹುದು. 36 ಸಾವಿರದ್ದನ್ನು ರಸ್ತೆಯಲ್ಲಿ ಹಾಕಿಸಲು ಮನಸ್ಸಾಗಲಿಲ್ಲ. ಬಾಣೇರ್ ಕಡೆ ಮುಚ್ಚಿದ ಶೆಡ್ ಇರುವ ಒಂದು ಅಂಗಡಿಯಲ್ಲಿ ಮಾಡಿಸಿದೆವು. ನೆಲಕ್ಕೆ ನೀರು ಹೊಡೆದು, ಶಟರ್ ಇಳಿಸಿ, ಆಮೇಲೆ ಕೆಲಸ ಶುರು ಮಾಡುತ್ತಾರೆ. ಅದನ್ನು ನೋಡಿದಾಗಲೇ ನನಗೆ ಧೈರ್ಯ ಬಂತು.

ಕೆಲಸ ಮಾಡಿದ ಹುಡುಗ ಅಫಜಲಪುರದ ಕಡೆಯವನು. ನಾನು ನಮ್ಮನೆಯವರ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ, "ಅಕ್ಕಾರ, ನೀವು ನಮ್ಮ ಕಡ್ಯಾವ್ರೇನ್ರಿ?" ಅಂದ. ಅಲ್ಲಿಂದ ನಾನು ಕೇಳಿದ್ದಕ್ಕೆಲ್ಲ ಬಿಡಿಸಿ ಉತ್ತರ ಕೊಟ್ಟ. ಅವನ ಕೆಲಸದ ಬಗ್ಗೆ ಬರೆಯಲೇಬೇಕು. ಫಿಲಂನ ಅರ್ಧ ಬೆಲೆ ಇರುವುದು ಹಾಕುವವರ ಕೈಯಲ್ಲಿ ಅಂತ ಅವತ್ತು ನನಗೆ ಮನವರಿಕೆಯಾಯಿತು.

ಎಲ್ಲಕ್ಕಿಂತ ಕಷ್ಟ ಹಳೆಯದನ್ನು ತೆಗೆಯುವುದು. ಹಿಂದಿನ ಗಾಜಿನ ಒಳಮೈಗೆ ಮಂಜು ಕರಗಿಸುವ ಡಿಫಾಗರ್‌ನ ಸಣ್ಣ ತಂತಿಗೆರೆಗಳಿರುತ್ತವೆ. ಫಿಲಂ ಅಂಟಿರುವುದು ಅದರ ಮೇಲೆಯೇ. ಜೋರಾಗಿ ಎಳೆದರೆ, ಬ್ಲೇಡಿನಿಂದ ಕೆರೆದರೆ ಗೆರೆ ಹರಿಯುತ್ತದೆ, ಡಿಫಾಗರ್ ಕೆಟ್ಟಂತೆಯೇ. ಅವನು ಸ್ಟೀಮರಿನಿಂದ ಹಬೆ ಬಿಟ್ಟು, ಅಂಟು ಮೆತ್ತಗಾದ ಮೇಲೆ ಒಂದು ಮೂಲೆಯಿಂದ ನಿಧಾನವಾಗಿ ಸುಲಿದ. ಉಳಿದ ಅಂಟಿಗೆ ಸೋಪಿನ ನೀರು ನೆನೆಸಿ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆದ. ಬ್ಲೇಡ್ ಬಳಸಿದ್ದು ಪಕ್ಕದ ಗಾಜುಗಳಿಗೆ ಮಾತ್ರ. ಮುಗಿದ ಮೇಲೆ ಡಿಫಾಗರ್ ಹಾಕಿ, ಗಾಜಿನ ಮೇಲೆ ಕೈಯಾಡಿಸಿ ಪ್ರತಿ ಗೆರೆಯೂ ಬೆಚ್ಚಗಾಗುವುದನ್ನು ತೋರಿಸಿದ. ನಾನು ಕೇಳಿರಲಿಲ್ಲ, ತಾನಾಗಿಯೇ ತೋರಿಸಿದ.

ಹೊಸದನ್ನು ಹಾಕುವ ಮೊದಲು ಬಾಗಿಲಿನ ಸ್ವಿಚ್ಚುಗಳ ಮೇಲೆ, ಡ್ಯಾಶ್‌ಬೋರ್ಡಿನ ಮೇಲೆ ದಪ್ಪ ಟವೆಲ್ ಹಾಸಿದ. ಈ ಕೆಲಸದಲ್ಲಿ ನೀರು ಬಹಳ ಸುರಿಯುತ್ತದೆ, ಪವರ್ ವಿಂಡೋ ಸ್ವಿಚ್ಚಿಗೆ ನೀರು ಇಳಿದರೆ ಬೇರೆ ಖರ್ಚು. ಹಿಂದಿನ ಗಾಜು, ಮುಂದಿನ ಗಾಜು ಎರಡೂ ಉಬ್ಬಿದ ಆಕಾರ, ಫಿಲಂ ಚಪ್ಪಟೆ. ಹೀಗಾಗಿ ಮೊದಲು ಗಾಜಿನ ಹೊರಮೈಗೆ ಫಿಲಂ ಹಾಸಿ, ಹೀಟ್ ಗನ್ನಿನಿಂದ ಕುಗ್ಗಿಸಿ ಆ ಆಕಾರಕ್ಕೆ ತಂದು, ಆಮೇಲೆ ಒಳಗೆ ಅಂಟಿಸುತ್ತಾರೆ. ಕ್ರಿಸ್ಟಲೈನ್‌ಗೆ ಶಾಖ ಹೆಚ್ಚಾದರೆ ಹಾಳಾಗುತ್ತದೆ ಅಂತ ಗನ್ನನ್ನು ಒಂದು ಕಡೆ ನಿಲ್ಲಿಸದೆ ಆಡಿಸುತ್ತಲೇ ಇದ್ದ. ಹಿಂದಿನ ಗಾಜಿಗೆ ಒಂದೇ ಹಾಳೆ, ಜೋಡಣೆ ಇಲ್ಲ. ಇದನ್ನು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ಕುಗ್ಗಿಸಲು ಬಾರದವರು ಎರಡು ತುಂಡು ಮಾಡಿ ಹಾಕುತ್ತಾರೆ, ಕನ್ನಡಿಯಲ್ಲಿ ನೋಡಿದಾಗಲೆಲ್ಲ ಆ ಗೆರೆ ಕಣ್ಣಿಗೆ ಹೊಡೆಯುತ್ತದೆ.

ಪಕ್ಕದ ಗಾಜಿನಲ್ಲಿ ನೋಡಬೇಕಾದದ್ದು ಮೇಲಿನ ಅಂಚು. ಗಾಜನ್ನು ಸ್ವಲ್ಪ ಇಳಿಸಿ ನೋಡಿ. ಫಿಲಂ ಗಾಜಿನ ಅಂಚಿನುದ್ದಕ್ಕೂ ನೇರವಾಗಿ ಮುಗಿದಿರಬೇಕು. ಅಂಚಿಗಿಂತ ಮೇಲೆ ಬಂದರೆ ಏರಿಸಿ ಇಳಿಸುವಾಗ ರಬ್ಬರಿಗೆ ತಾಗಿ ಸುಲಿಯುತ್ತದೆ, ತೀರಾ ಕೆಳಗಿದ್ದರೆ ಬೆಳಕಿನ ಪಟ್ಟಿ ಕಾಣುತ್ತದೆ. ಮುಂದಿನ ಗಾಜಿನಲ್ಲಿ ಫಾಸ್ಟ್ಯಾಗ್ ಇರುವ ಜಾಗ ಬಿಟ್ಟು ಸುತ್ತ ಕತ್ತರಿಸಿದ. ಅದನ್ನು ಕಿತ್ತರೆ ಟ್ಯಾಗ್ ಹಾಳು, ಹೊಸದು ತಗೋಬೇಕು.

ಹೊರಡುವಾಗ ಅವನು ಹೇಳಿದ್ದು: "ಅಕ್ಕಾರ, ನಾಕೈದ ದಿನಾ ಗಾಜ ಇಳಸಬ್ಯಾಡ್ರಿ. ಒಳಗ ಮಬ್ಬು ಕಂಡ್ರ ಹೆದರಬ್ಯಾಡ್ರಿ, ನೀರ ಆರಿದ್ಮ್ಯಾಲ ತಾನಾ ಹೋಗ್ತದ." ಹಾಗೇ ಆಯಿತು. ಮೊದಲ ವಾರ ಅಲ್ಲಲ್ಲಿ ನೀರಿನ ಮಬ್ಬು, ಸಣ್ಣ ಗುಳ್ಳೆ ಇದ್ದವು. ಆಮೇಲೆ ಗಾಜು ತಿಳಿಯಾಯಿತು. ಒರೆಸಲು ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಮೈಕ್ರೋಫೈಬರ್ ಬಟ್ಟೆ ಮತ್ತು ಸ್ವಲ್ಪ ಶಾಂಪೂ ಬೆರೆತ ನೀರು ಸಾಕು.

ಬೇಸಿಗೆಯಲ್ಲಿ ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಗಾಡಿಯನ್ನು ಬಿಸಿಲಿನಲ್ಲಿ ಮಧ್ಯಾಹ್ನವಿಡೀ ನಿಲ್ಲಿಸಿದರೆ ಯಾವ ಫಿಲಂ ಇದ್ದರೂ ಒಳಗೆ ಕಾದೇ ಕಾಯುತ್ತದೆ. ಶಾಖ ನಿಧಾನವಾಗಿ ಬರಬಹುದು, ಆದರೆ ಬರುತ್ತದೆ. ಗಾಜಿನಿಂದ ಮಾತ್ರವಲ್ಲ, ತಗಡಿನ ಮಾಳಿಗೆಯಿಂದಲೂ ಬರುತ್ತದೆ. "ಬಿಸಿಲಲ್ಲಿ ನಿಲ್ಲಿಸಿದರೂ ತಂಪು" ಅನ್ನುವ ಮಾತು ಸುಳ್ಳು. ವ್ಯತ್ಯಾಸ ಗೊತ್ತಾಗುವುದು ಎಸಿ ಹಾಕಿ ಹೊರಟ ಮೇಲೆ. ಮೊದಲು ಇಂದಾಪುರದವರೆಗೂ ಬ್ಲೋವರ್ ಪೂರ್ತಿ ವೇಗದಲ್ಲೇ ಇರುತ್ತಿತ್ತು. ಈಗ ಹಡಪ್ಸರ್ ಆದ ಮೇಲೆ ಸಿಗುವ ಲೋಣಿ ದಾಟುವಷ್ಟರಲ್ಲಿ ಕಡಿಮೆ ಮಾಡುತ್ತೇನೆ. ಮೂರನೇ ಸಾಲಿನಲ್ಲಿ ಕೂರುವ ಮಕ್ಕಳು "ಸೆಕೆ" ಅನ್ನುವುದು ನಿಂತಿದೆ.

ಇನ್ನು ಚರ್ಮದ ಮಾತು. ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಅದು ತಾನಾಗಿಯೇ ಬಹುಪಾಲು ಯುವಿ ತಡೆಯುತ್ತದೆ. ಪಕ್ಕದ್ದು ಸಾಮಾನ್ಯವಾಗಿ ಒಂದೇ ಪದರದ ಟಫನ್ಡ್ ಗಾಜು, ಅದರಿಂದ ಯುವಿ-ಎ ಅನ್ನುವ ಭಾಗ ಸಾಕಷ್ಟು ಒಳಗೆ ಬರುತ್ತದೆ. ಕೈ ಕಪ್ಪಾಗುವುದು ಅದರಿಂದಲೇ. ಈ ಬೇಸಿಗೆ ನನ್ನ ಎರಡೂ ಕೈ ಒಂದೇ ಬಣ್ಣದಲ್ಲಿವೆ. ಹೆಣ್ಣುಮಕ್ಕಳು ಗ್ಲೌಸು, ಸ್ಕಾರ್ಫು ಕಟ್ಟಿಕೊಂಡು ಗಾಡಿ ಓಡಿಸುವುದನ್ನು ಪುಣೆಯಲ್ಲಿ ದಿನಾ ನೋಡುತ್ತೇವೆ. ಕಾರಿನವರಾದರೂ ಬಲಗಡೆಯ ಒಂದು ಗಾಜಿಗಾದರೂ ಒಳ್ಳೆಯ ಫಿಲಂ ಹಾಕಿಸಿಕೊಳ್ಳಿ ಅನ್ನುತ್ತೇನೆ.

ಅತ್ತೆಯವರಿಗೆ ಗಾಜು ನೋಡಿ ಮೊದಲು ನಂಬಿಕೆ ಬರಲಿಲ್ಲ. "ಏನವಾ, ಇದ್ದ ಕರೀದೂ ತಗಸಿ ಬಿಟ್ಟೀಯಲ್ಲ?" ಅಂದರು. ಭಿಗವಣ ದಾಟಿದ ಮೇಲೆ ಗಾಜಿಗೆ ಅಂಗೈ ಒತ್ತಿ ಹಿಡಿದು, "ಸುಡವಲ್ದು ನೋಡು" ಅಂದರು. ಸೆರಗು ಅಡ್ಡ ಹಿಡಿದಿರಲಿಲ್ಲ. ಹೊರಗಿನ ಕಬ್ಬಿನ ಹೊಲ, ಉಜನಿ ಅಣೆಕಟ್ಟಿನ ಹಿನ್ನೀರು ನೋಡುತ್ತಾ ಕೂತಿದ್ದರು. ಬೆಳಕಿನ ಪ್ರಖರತೆ ಪೂರ್ತಿ ಹೋಗಿಲ್ಲ, ಅದು ನಿಜ. ಇಷ್ಟು ಪಾರದರ್ಶಕ ಫಿಲಂ ಕಣ್ಣು ಕುಕ್ಕುವುದನ್ನು ಕಪ್ಪು ಫಿಲಂನಷ್ಟು ಕಡಿಮೆ ಮಾಡುವುದಿಲ್ಲ. ಎದುರು ಬಿಸಿಲಿಗೆ ಅವರು ಈಗಲೂ ಕಪ್ಪು ಕನ್ನಡಕ ಹಾಕುತ್ತಾರೆ, ವಾಪಸ್ ಬರುವ ಸಂಜೆ ನಾನೂ ಹಾಕುತ್ತೇನೆ.

ಕೊರತೆಗಳೂ ಇವೆ. ಓರೆಯಾಗಿ ನೋಡಿದರೆ ಕೆಲವು ಬೆಳಕಿನಲ್ಲಿ ಗಾಜಿನ ಮೇಲೆ ತೆಳ್ಳಗೆ ಕೆಂಪು ಛಾಯೆ ಆಡುತ್ತದೆ. ಓಡಿಸುವಾಗ ಕಾಣುವುದಿಲ್ಲ, ನಿಲ್ಲಿಸಿದ ಗಾಡಿಯನ್ನು ಹೊರಗಿನಿಂದ ನೋಡಿದಾಗ ಕಾಣುತ್ತದೆ. ಖಾಸಗಿತನ ಒಂದಿಷ್ಟೂ ಇಲ್ಲ; ಒಳಗೆ ಬ್ಯಾಗು ಬಿಟ್ಟರೆ ಎಲ್ಲರಿಗೂ ಕಾಣುತ್ತದೆ. ಎಡ ಹಿಂಬದಿಯ ಗಾಜಿನಲ್ಲಿ ಎರಡು ಸಣ್ಣ ಧೂಳಿನ ಕಣ ಉಳಿದಿವೆ. ಮುಚ್ಚಿದ ಶೆಡ್ಡಿನಲ್ಲೂ ಇಷ್ಟು ಆಗುತ್ತದೆ, ಅದಕ್ಕೆ ನಾನು ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ವಾರಂಟಿಗೆ. ಗಾಡಿ ನಂಬರು, ಫಿಲಂನ ರೋಲ್ ನಂಬರು ಬರೆದ ಕಾರ್ಡು ಅವತ್ತೇ ಕೊಡುತ್ತೇವೆ ಅಂದವರು ಕೊಡಲಿಲ್ಲ. ನಾಳೆ, ನಾಡಿದ್ದು ಅಂತ ಎಳೆದರು. ಫೋನು ಮಾಡಿ ಮಾಡಿ, ಕೊನೆಗೆ ಅಂಗಡಿಗೇ ಹೋಗಿ ಕೂತು ತಂದೆ. ದುಡ್ಡು ತಗೊಳ್ಳುವಾಗ ಇದ್ದ ಚುರುಕು ಆಮೇಲೆ ಇರಲಿಲ್ಲ. ಹುಡುಗನ ಕೆಲಸಕ್ಕೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ, ಅಂಗಡಿಯ ಕೌಂಟರಿಗೆ ಐದು.

ನೀವು ಮಾಡಿಸುವುದಾದರೆ ಕೊನೆಯ ಕಂತು ಕಾರ್ಡು ಕೈಗೆ ಬಂದ ಮೇಲೆ ಕೊಡಿ. ರೋಲಿನ ಪೆಟ್ಟಿಗೆಯನ್ನು ನಿಮ್ಮೆದುರೇ ತೆರೆಯಲು ಹೇಳಿ, ಪೆಟ್ಟಿಗೆಯ ಮೇಲಿನ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಪೂರ್ತಿ ಗಾಡಿಗೆ ಅಷ್ಟು ದುಡ್ಡು ಬೇಡ ಅನ್ನಿಸಿದರೆ ಮುಂದಿನ ಗಾಜು ಮತ್ತು ಮುಂದಿನ ಎರಡು ಬಾಗಿಲಿಗೆ ಮಾತ್ರ ಒಳ್ಳೆಯದು ಹಾಕಿಸಿ, ಹಿಂದಿನವನ್ನು ಮುಂದಿನ ವರ್ಷ ನೋಡಿ. ಮುಂದಿನ ಗಾಜು ಎಲ್ಲಕ್ಕಿಂತ ದೊಡ್ಡದು, ಓರೆಯಾಗಿ ಮಲಗಿರುತ್ತದೆ, ಶಾಖ ಅಲ್ಲಿಂದ ಬಹಳ ಬರುತ್ತದೆ. ಜನ ಪಕ್ಕದ ಗಾಜಿಗೆಲ್ಲ ಹಾಕಿಸಿ ಅದೊಂದನ್ನು ಬಿಡುತ್ತಾರೆ. ದಿನಾ ಕೋಥ್ರೂಡಿನಿಂದ ಡೆಕ್ಕನ್‌ಗೆ ಹೋಗಿ ಬರುವವರಿಗೆ, ನೆರಳಿನಲ್ಲಿ ಗಾಡಿ ನಿಲ್ಲಿಸುವವರಿಗೆ ಕ್ರಿಸ್ಟಲೈನ್ ಬೇಕಿಲ್ಲ, ಟಿಎಸ್‌ಇಆರ್ ನೋಡಿ ಆರಿಸಿದ ಸೆರಾಮಿಕ್ ಸಾಕು. ಸೊಲ್ಲಾಪುರದ ದಾರಿಯಲ್ಲಿ ವಯಸ್ಸಾದವರನ್ನೋ ಮಕ್ಕಳನ್ನೋ ಕೂರಿಸಿಕೊಂಡು ಬೇಸಿಗೆಯಲ್ಲಿ ಓಡಾಡುವವರು ಮಾತ್ರ ದುಡ್ಡು ಜೋಡಿಸಿಕೊಂಡು ಇದನ್ನೇ ಹಾಕಿಸಿ. ಫೆಬ್ರವರಿ ಮುಗಿಯುವುದರೊಳಗೆ ಹಾಕಿಸಿ; ಏಪ್ರಿಲ್ ಬಂದರೆ ಅಂಗಡಿಯಲ್ಲಿ ಸಾಲು, ಅವಸರದ ಕೆಲಸ.